ಬಣ್ಣ–ಬಟ್ಟೆ ಪ್ರಶ್ನೋತ್ತರ: ತೋಟ ಕಾಣದ ತೋಟದ ಚಿತ್ರ

ಪ್ರಶ್ನೆ: ಅಡಿಕೆ ತೋಟದ ಫೋಟೊ ಎದುರಿಟ್ಟುಕೊಂಡು ಅಮೂರ್ತ ಚಿತ್ರ ಮಾಡಲು ಹೊರಟರೆ ಕೊನೆಗೆ ಮಸುಕು ಮಸುಕಾದ ತೋಟವೇ ಆಗುತ್ತದೆ. ಎಲ್ಲಿ ತಪ್ಪುತ್ತಿದೆ? – ಶಿರಸಿಯ ಓದುಗರು

ತಪ್ಪು ಫೋಟೊದಲ್ಲೇ ಇದೆ. ಫೋಟೊ ಎಲ್ಲವನ್ನೂ ಒಂದೇ ಸಮ ಕೊಟ್ಟುಬಿಡುತ್ತದೆ, ಆರಿಸುವ ಕೆಲಸ ನಿಮಗೆ ಉಳಿಯುವುದಿಲ್ಲ. ಮಸುಕು ಮಾಡಿದ ಮಾತ್ರಕ್ಕೆ ಚಿತ್ರ ಅಮೂರ್ತವಾಗದು. ಡಚ್ ಕಲಾವಿದ ಮಾಂಡ್ರಿಯನ್ 1908ರಿಂದ 1912ರ ನಡುವೆ ಬರೆದ ಮರಗಳನ್ನು ಸಾಲಾಗಿ ನೋಡಿ. ಮೊದಲಿನ ಕೆಂಪು ಮರ ಮರವೇ. 1911ರ ಬೂದು ಮರದಲ್ಲಿ ಕೊಂಬೆಗಳ ನಡುವಿನ ಖಾಲಿ ಜಾಗಕ್ಕೂ ಕೊಂಬೆಯಷ್ಟೇ ದಪ್ಪನೆಯ ಬಣ್ಣ ಬಿದ್ದಿದೆ. 1912ರ ಹೂಬಿಟ್ಟ ಸೇಬಿನ ಮರಕ್ಕೆ ಬರುವಷ್ಟರಲ್ಲಿ ಕೊಂಬೆಗಳು ಬರೀ ಕಮಾನುಗಳಾಗಿವೆ. ಕೊಂಬೆ ಆಕಾಶವನ್ನು ಹೇಗೆ ಸೀಳುತ್ತದೆ ಎನ್ನುವ ಒಂದೇ ಸಂಗತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ನೀವೂ ತೋಟದಿಂದ ಒಂದನ್ನೇ ತನ್ನಿ. ಮರಗಳ ನಡುವಿನ ಅಂತರವಾಗಬಹುದು, ಬಸಿಗಾಲುವೆ ಹೋಗುವ ದಾರಿಯಾಗಬಹುದು, ಅಡಿಕೆ ಮರದ ಮೈಮೇಲಿನ ಉಂಗುರಗಳಾಗಬಹುದು. ಸೋಗೆ ಕಳಚಿದ ಗುರುತುಗಳಾದ ಆ ಉಂಗುರಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. ಒಂದೆಡೆ ಒತ್ತಾಗಿ, ಇನ್ನೊಂದೆಡೆ ಬಿಡಿಯಾಗಿ ಇರುತ್ತವೆ. ಒಂದು ಇಡೀ ಚಿತ್ರಕ್ಕೆ ಆ ಲಯವೊಂದೇ ಸಾಕು.

ಮೊಬೈಲ್ ಮನೆಯಲ್ಲೇ ಬಿಟ್ಟು ಅಂಚೆಕಾರ್ಡ್ ಗಾತ್ರದ ಇಪ್ಪತ್ತು ಕಾಗದ, 6ಬಿ ಪೆನ್ಸಿಲ್ ಹಿಡಿದು ಹೋಗಿ. ಒಂದೊಂದಕ್ಕೆ ಎರಡೇ ನಿಮಿಷ. ಮೊದಲ ಕೆಲವು ಕಾಗದಗಳಲ್ಲಿ ಮರ ಮಾತ್ರ. ಆಮೇಲೆ ಮರವನ್ನು ಬಿಟ್ಟು ನಡುವಿನ ಸಂದುಗಳನ್ನಷ್ಟೇ ಕಪ್ಪು ಮಾಡಿ. ಕೊನೆಗೆ ನೆಲಕ್ಕೆ ಬಿದ್ದ ಬಿಸಿಲಿನ ತುಣುಕುಗಳು. ಮರುದಿನ ತೋಟಕ್ಕೆ ಹೋಗದೆ ಇವುಗಳಲ್ಲಿ ಮೂರನ್ನು ಆರಿಸಿ, ಅಂಗೈ ಅಗಲದಲ್ಲಿ ಬಣ್ಣದ ಪ್ರಯೋಗ ಮಾಡಿ. ನಾಲ್ಕಕ್ಕಿಂತ ಹೆಚ್ಚು ಬಣ್ಣ ಬೇಡ. ತೋಟದಲ್ಲಿ ನೆರಳು ಬಹಳ, ಬಿಸಿಲು ಕೊಂಚ. ಎರಡಕ್ಕೂ ಅರ್ಧರ್ಧ ಜಾಗ ಕೊಟ್ಟರೆ ಆ ಬಿಸಿಲಿನ ಚುರುಕು ಹೋಗಿಬಿಡುತ್ತದೆ.

ಪ್ರಶ್ನೆ: ನಮ್ಮೂರಿನ ಕೆಂಪು ಮಣ್ಣನ್ನೇ ಮರಗೆಲಸದ ಬಿಳಿ ಅಂಟಿಗೆ ಕಲಸಿ ಹಚ್ಚಿದೆ. ಒಣಗಿದ ಮೇಲೆ ಕೈಗೆ ಮೆತ್ತಿ ಉದುರುತ್ತದೆ. – ತೀರ್ಥಹಳ್ಳಿಯ ಓದುಗರು

ಅಂಟು ಸಾಲದೆ ಹೋಗಿದೆ, ಜೊತೆಗೆ ಮಣ್ಣಿನಲ್ಲಿ ಮರಳು ಉಳಿದಿದೆ. ಆ ಅಂಟು ಒಣಗಿದ ಮೇಲೂ ನೀರಿಗೆ ಮೆತ್ತಗಾಗುತ್ತದೆ, ಮಲೆನಾಡಿನ ಮಳೆಗಾಲಕ್ಕೆ ಆಗಿಬರುವುದಿಲ್ಲ. ಆದರೆ ಮಣ್ಣು ಮಾತ್ರ ಬಿಡಬೇಡಿ. ಜಂಬಿಟ್ಟಿಗೆಯ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸದು. ಕರಾವಳಿಯ ಗುಡಿಗಳ ಗೋಡೆಗಳಲ್ಲಿ ಸುಣ್ಣದ ಬಿಳಿಯ ಮೇಲೆ ಕಾವಿಯ ಕೆಂಪು ಇನ್ನೂ ಉಳಿದಿರುವುದು ಇದೇ ಕಾರಣಕ್ಕೆ. ಅರಿಸಿನ, ಸೊಪ್ಪಿನ ರಸ ಹಾಗಲ್ಲ, ಬೇಗ ಬಿಳಿಚಿಕೊಳ್ಳುತ್ತವೆ.

ಮಣ್ಣನ್ನು ಕುಟ್ಟಿ ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಅರ್ಧ ನಿಮಿಷ ಬಿಟ್ಟು ಮೇಲಿನ ರಾಡಿ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಮರಳು ತಳದಲ್ಲೇ ನಿಲ್ಲುತ್ತದೆ. ರಾಡಿಯನ್ನು ಒಂದು ದಿನ ಅಲುಗಿಸದೆ ಇಟ್ಟು, ತಿಳಿ ನೀರು ಚೆಲ್ಲಿ, ಕೆಳಗಿನ ಕೆನೆಯಂಥ ಮಣ್ಣನ್ನು ತಟ್ಟೆಯಲ್ಲಿ ಒಣಗಿಸಿ. ಇದನ್ನು ಗಾಜಿನ ಮೇಲೆ ಕೆಲವು ಹನಿ ನೀರು ಹಾಕಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ಅರೆದು, ಸರಿಸುಮಾರು ಅಷ್ಟೇ ಅಳತೆಯ ಅಕ್ರಿಲಿಕ್ ಮೀಡಿಯಂ (ಅಕ್ರಿಲಿಕ್ ಬಣ್ಣವನ್ನು ಹಿಡಿದಿಡುವ, ಬಣ್ಣವಿಲ್ಲದ ಅಂಟುದ್ರವ) ಸೇರಿಸಿ. ರಟ್ಟಿನ ಮೇಲೆ ಹಚ್ಚಿ ಮರುದಿನ ಬಿಳಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆ ಕೆಂಪಾದರೆ ಇನ್ನಷ್ಟು ಮೀಡಿಯಂ ಬೇಕು. ಹಳದಿ ಮಣ್ಣು ಸಿಕ್ಕರೆ ಕಬ್ಬಿಣದ ಕಾವಲಿಯಲ್ಲಿ ಹುರಿದು ನೋಡಿ. ಅದರೊಳಗಿನ ನೀರಿನಂಶ ಹೋಗಿ ಮೆಲ್ಲಗೆ ಕೆಂಪಿಗೆ ತಿರುಗುತ್ತದೆ. ಬೇರೆ ಬೇರೆ ಹೊತ್ತಿಗೆ ತೆಗೆದರೆ ಒಂದೇ ಹಿಡಿ ಮಣ್ಣಿನಿಂದ ಮೂರು ನಾಲ್ಕು ಛಾಯೆ.

ಪ್ರಶ್ನೆ: ಮಂಜು ಕವಿದಂಥ ಪದರಗಳನ್ನು ತರಬೇಕೆಂದರೆ ಬಣ್ಣವೆಲ್ಲ ಕೆಸರಾಗುತ್ತದೆ. – ಮಡಿಕೇರಿಯ ಓದುಗರು

ಎರಡು ಕಾರಣ: ಕೆಳಪದರ ಒಣಗುವ ಮೊದಲೇ ಮೇಲಿನದು, ಮತ್ತು ಪ್ರತಿ ಪದರಕ್ಕೂ ಬಿಳಿ. ಬಿಳಿ ಬೆರೆಸಬೇಡಿ, ಬೆಳಕು ತಳದಿಂದ ಬರಲಿ. ಕ್ಯಾನ್ವಾಸ್‌ಗೆ ಮೂರು ಕೋಟ್ ಗೆಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪ) ಹಚ್ಚಿ, ನಡುನಡುವೆ ನಯವಾದ ಮರಳುಕಾಗದದಿಂದ ತಿಕ್ಕಿ. ಒಂದು ಚಮಚ ಅಕ್ರಿಲಿಕ್ ಬಣ್ಣಕ್ಕೆ ಎಂಟು ಚಮಚ ಮೀಡಿಯಂ ಸೇರಿಸಿ ತೆಳ್ಳಗೆ ಎಳೆಯಿರಿ. ನೀರನ್ನೇ ಸುರಿದು ತೆಳುಮಾಡಿದರೆ ಅಂಟಿನ ಹಿಡಿತ ತಪ್ಪಿ ಮುಂದಿನ ಕೋಟ್‌ಗೆ ಎದ್ದು ಬರುತ್ತದೆ. ಅಂಗೈ ಹಿಂಬದಿಯಿಂದ ಮುಟ್ಟಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ನಿಮ್ಮ ಜುಲೈ ತಿಂಗಳಲ್ಲಿ ಫ್ಯಾನ್ ಹಾಕಿಯೂ ಗಂಟೆಗಟ್ಟಲೆ ಕಾಯಬೇಕಾದೀತು, ಕಾಯಿರಿ. ಹಸಿಯಲ್ಲಿ ಹಾಲಿನಂತಿರುವ ಮೀಡಿಯಂ ಒಣಗಿ ತಿಳಿಯಾದಾಗ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಆದ್ದರಿಂದ ಪ್ರತಿ ಪದರವನ್ನೂ ಮೊದಲು ರಟ್ಟಿನ ಮೇಲೆ ಒಣಗಿಸಿ ನೋಡಿಕೊಳ್ಳಿ.

ತೈಲವರ್ಣವಾದರೆ ಎಣ್ಣೆ ಕಡಿಮೆಯಿರುವ ಪದರ ಕೆಳಗೆ, ಹೆಚ್ಚಿರುವುದು ಮೇಲೆ. ತಿರುಗಿಸಿದಿರೋ, ಮೇಲಿನದು ಮೊದಲೇ ಬಿಗಿದು ಕೆಳಗಿನದರ ಅಲುಗಾಟಕ್ಕೆ ಬಿರಿಯುತ್ತದೆ. ಭಾರತದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯತೊಂಡೆ (1924–2001) ರೋಲರ್‌ನಿಂದ ತೈಲವರ್ಣ ಹರಡಿ, ಪ್ಯಾಲೆಟ್ ನೈಫ್‌ನಿಂದ ಕೆರೆದು, ಕಾಗದದ ಚೂರುಗಳನ್ನೂ ಬಳಸಿ ಪದರ ಕಟ್ಟುತ್ತಿದ್ದರು. ಅವರ ಚಿತ್ರಗಳಲ್ಲಿ ನೀರೊಳಗಿಂದ ಬಂದಂಥ ಬೆಳಕಿದೆ. ಹಚ್ಚಿದ್ದನ್ನು ತೆಗೆಯುವುದೂ ಚಿತ್ರ ಬರೆಯುವುದೇ ಎಂಬುದನ್ನು ಅಲ್ಲಿ ಕಾಣಬಹುದು.

ಪ್ರಶ್ನೆ: ಚಿತ್ರ ಮುಗಿಯಿತು ಎಂದು ತಿಳಿಯುವುದು ಹೇಗೆ? – ಧಾರವಾಡದ ಓದುಗರು

ಮೂರು ದಿನ ಗೋಡೆಗೆ ಮುಖ ಮಾಡಿ ಇಡಿ. ಆಮೇಲೆ ಕನ್ನಡಿಯಲ್ಲಿ ನೋಡಿ, ತಲೆಕೆಳಗು ಮಾಡಿಯೂ ನೋಡಿ. ಪ್ರತಿ ಸಲ ಕಣ್ಣು ಒಂದೇ ಮೂಲೆಗೆ ಹೋಗಿ ಅಂಟಿಕೊಂಡರೆ ಅಲ್ಲಿ ಕೆಲಸ ಬಾಕಿ ಇದೆ. ಇಲ್ಲವಾದರೆ ಕುಂಚ ತೊಳೆದಿಡಿ. ಚೌಕಟ್ಟಿನ ಹಿಂದೆ ತಾರೀಕು, ಯಾವ ಬಣ್ಣ, ಎಷ್ಟು ಪದರ, ಮಣ್ಣಾಗಿದ್ದರೆ ಯಾವ ಜಾಗದ್ದು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಮುಂದೆ ಎಲ್ಲಾದರೂ ಬಣ್ಣ ಕಿತ್ತರೆ ಅದೇ ಛಾಯೆ ಮತ್ತೆ ಕಲಸಲು ಅದು ಬೇಕಾಗುತ್ತದೆ.