ಡ್ಯಾಶ್‌ಕ್ಯಾಮ್ ಬೇಕು ಅನ್ನುವ ಜನರೇ ಕಾರಿನ ಸೆನ್ಸರ್ ಅಂದರೆ ಸಿಟ್ಟಾಗುವುದು ಯಾಕೆ?

ರೆಕಾರ್ಡ್ ಆದದ್ದು ಯಾರ ಕೈಗೆ ಹೋಗುತ್ತದೆ ಅನ್ನುವುದೇ ವ್ಯತ್ಯಾಸ. ಡ್ಯಾಶ್‌ಕ್ಯಾಮ್ ಅಂದರೆ ಕಾರಿನೊಳಗೆ ಕೂರಿಸಿ ರಸ್ತೆಯ ವಿಡಿಯೊ ತೆಗೆಯುವ ಕ್ಯಾಮೆರಾ; ಅದರ ಮೆಮೊರಿ ಕಾರ್ಡ್ ಸಾಮಾನ್ಯವಾಗಿ ನಮ್ಮ ಹತ್ತಿರವೇ ಇರುತ್ತದೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಯಾರೋ ಹಿಂದಿನಿಂದ ಬಂದು ಗುದ್ದಿ, "ನೀವೇ ಸಡನ್ನಾಗಿ ಬ್ರೇಕ್ ಹಾಕಿದ್ರಿ" ಅಂತ ಸುಮ್ನೆ ಜಗಳಕ್ಕೆ ನಿಂತರೆ ಆ ವಿಡಿಯೊ ಕೈಹಿಡಿಯುತ್ತದೆ.

ಇಂಟರ್ನೆಟ್ ಇರುವ ಕಾರಿನ ಸೆನ್ಸರ್ ಹಾಗಲ್ಲ. ಯಾವಾಗ ಹೊರಟಿರಿ, ಎಷ್ಟು ಸಲ ಗಟ್ಟಿಯಾಗಿ ಬ್ರೇಕ್ ತುಳಿದಿರಿ, ಎಲ್ಲವೂ ಕಂಪನಿಯ ಸರ್ವರ್‌ಗೆ ಹೋಗಬಹುದು. ಅಮೆರಿಕದಲ್ಲಿ ಕಾರ್ ಕಂಪನಿ ಜನರಲ್ ಮೋಟಾರ್ಸ್ ಇಂಥ ವಿವರಗಳನ್ನು ಡೇಟಾ ಮಾರುವ ಕಂಪನಿಗಳಿಗೆ ಕೊಡುತ್ತಿದ್ದದ್ದು 2024ರಲ್ಲಿ ಬಯಲಾಯಿತು. ಅವು ವಿಮಾ ಕಂಪನಿಗಳಿಗೂ ತಲುಪಿ, ಕೆಲವರ ಪ್ರೀಮಿಯಂ ಜಾಸ್ತಿಯಾಯಿತು. ದುಡ್ಡು ಕೊಟ್ಟು ತಂದ ಕಾರೇ ಚಾಡಿ ಹೇಳಿದರೆ ಮೈ ಉರಿಯುತ್ತದೆ, ಅಲ್ವಾ? 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಜಿಲ್ಲಾ ಫೌಂಡೇಶನ್ 25 ಕಾರ್ ಬ್ರಾಂಡ್‌ಗಳನ್ನು ಪರಿಶೀಲಿಸಿತು. ಖಾಸಗಿತನದಲ್ಲಿ ಒಂದೂ ಪಾಸಾಗಲಿಲ್ಲ.

ನಮ್ಮಲ್ಲಿ ಒಪ್ಪಿಗೆ ಅನ್ನುವುದು ಹೇಗಿರುತ್ತದೆ ನೋಡಿ. ಹೊಸ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಫೋಟೊ ತೆಗೆಸಿಕೊಳ್ಳುತ್ತಿರುತ್ತೇವೆ. ಅಷ್ಟರಲ್ಲಿ ಶೋರೂಮ್ ಹುಡುಗ ನಮ್ಮ ಫೋನಿನಲ್ಲೇ ಆ್ಯಪ್ ಹಾಕಿ 'ಒಪ್ಪಿದ್ದೇನೆ' ಒತ್ತಿ ಮುಗಿಸಿರುತ್ತಾನೆ.

ಹಾಗಂತ ಡ್ಯಾಶ್‌ಕ್ಯಾಮ್ ಪೂರ್ತಿ ಸಾಚಾ ಅಲ್ಲ. ಅದರಲ್ಲಿ ಮೈಕ್ ಇದ್ದರೆ ಹಿಂದಿನ ಸೀಟಿನ ಮಾತೂ ರೆಕಾರ್ಡ್ ಆಗುತ್ತದೆ. ಕ್ಯಾಬ್ ಹತ್ತಿದವರಿಗೆ ಎಷ್ಟೋ ಸಲ ಅದನ್ನು ಯಾರೂ ಹೇಳಿರುವುದಿಲ್ಲ.