ಆಗುಂಬೆ, ಕುದುರೆಮುಖದ ಘಟ್ಟ ಹತ್ತಲು ಶಿವಮೊಗ್ಗದವರು ಸೈಕಲ್ ರೈಡ್ ಹೇಗೆ ಪ್ಲಾನ್ ಮಾಡಬೇಕು?

ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ತುಳಿದರೆ ಘಟ್ಟ ಹತ್ತಿದ ಹಾಗಾಗುವುದಿಲ್ಲ. ಶಿವಮೊಗ್ಗವೇ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಆಗುಂಬೆ ಸುಮಾರು 650. ಸಣ್ಣಪುಟ್ಟ ಏರಿಳಿತದಲ್ಲಿ ಕಾಲು ಸೋಲುತ್ತದೆ, ಅಷ್ಟೇ.

ನಿಜವಾದ ಏರು ಇರುವುದು ಕರಾವಳಿ ಕಡೆಯಿಂದ. ಹಿಂದಿನ ಸಂಜೆಯೇ ಸೈಕಲ್ ಕಾರಿಗೆ ಹಾಕಿಕೊಂಡು ಹೆಬ್ರಿಗೆ ಇಳಿದು ಉಳಿದುಕೊಳ್ಳಿ. ಬೆಳಕು ಹರಿದ ಕೂಡಲೇ ಘಟ್ಟದ ಬುಡದ ಸೋಮೇಶ್ವರದಿಂದ ಹತ್ತಲು ಶುರು ಮಾಡಿ. 14 ಹೇರ್‌ಪಿನ್ ತಿರುವು, 500 ಮೀಟರಿಗೂ ಜಾಸ್ತಿ ಎತ್ತರ. ತಿರುವಿನ ಒಳಮಗ್ಗುಲೇ ತೀರಾ ಕಡಿದು. ಮೇಲಿಂದ ಬರುವ ಬಸ್ಸಿಗೆ ಅಲ್ಲಿ ಪೂರ್ತಿ ರಸ್ತೆ ಬೇಕು. ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಂತುಬಿಡಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಹಿಂದಿನ ಚಕ್ರದ ಅತಿ ದೊಡ್ಡ ಗೇರ್ 32 ಹಲ್ಲಿನದಿದ್ದರೆ ಮಂಡಿ ಉಳಿಯುತ್ತದೆ. ಹ್ಯಾಂಡಲ್ ಬ್ಯಾಗಿನಲ್ಲಿ ಬಾಳೆಹಣ್ಣು ಕಾಣುವಂತೆ ಇಡಬೇಡಿ, ಮಂಗಗಳಿವೆ!

ಮತ್ತೆ ಕೆಳಗಿಳಿದು ಕಾರ್ಕಳ ಸೇರಿಕೊಂಡರೆ, ಮಾರನೇ ದಿನಕ್ಕೆ ಅಲ್ಲಿಂದ ಮಾಳ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ, ಅಂದರೆ ಸೌತ್ ಕೆನರಾ ಜಿಲ್ಲೆಯ ಗಡಿ). ಅಲ್ಲಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸಕ್ಕೆ. ನನ್ನ ಓಟು ಕಳಸಕ್ಕೆ: ಶೋಲಾ ಕಾಡು (ಗುಡ್ಡಗಳ ನಡುವಿನ ಕಣಿವೆಯ ದಟ್ಟ ಹಸಿರು ಕಾಡು), ಹುಲ್ಲುಗುಡ್ಡ ಎರಡೂ ಸಿಗುತ್ತವೆ. ಈ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ, ಹಾಗಾಗಿ ಚೆಕ್‌ಪೋಸ್ಟ್‌ನಲ್ಲಿ ನಿಯಮ ಕೇಳಿಕೊಂಡೇ ಮುಂದೆ ಹೋಗಿ. ಕತ್ತಲಾಗುವ ಮುಂಚೆ ದಾಟಿಬಿಡಿ. ಅಂಗಡಿ ಕಡಿಮೆ, ನೆಟ್‌ವರ್ಕ್ ನಂಬುವ ಹಾಗಿಲ್ಲ. ನೀರು, ಟ್ಯೂಬ್, ಪಂಪ್ ಜೊತೆಗಿರಲಿ.

ನವೆಂಬರ್‌ನಿಂದ ಜನವರಿ ಒಳ್ಳೆ ಸಮಯ. ಮಳೆಗಾಲದಲ್ಲಿ ಸುಮ್ನೆ ಬೇಡ: ಪಾಚಿ, ಮಂಜು, ಗುಡ್ಡ ಕುಸಿತ. ಚಳಿಗಾಲದಲ್ಲೂ ಬೆಳಿಗ್ಗೆ ಮಂಜಿರುತ್ತದೆ, ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಲಿ.