ಅಪ್ಪ ಅಮ್ಮನ ಜೊತೆ ಸ್ಯಾನ್ ಡಿಯಾಗೋ: ಯಾವ ಟೂರ್‌ಗೆ ದುಡ್ಡು ಕೊಡಬಹುದು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಜೂನ್‌ನಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ, ಸ್ಯಾನ್ ಡಿಯಾಗೋದಲ್ಲಿ ಮೂರು ದಿನ, ಬಾಡಿಗೆ ಕಾರು ಇದೆ. ಟ್ರಾಲಿ ಟೂರ್ (ಊರು ಸುತ್ತಿಸುವ ಬಸ್ಸು, ಬೇಕಾದಲ್ಲಿ ಇಳಿದು ಹತ್ತಬಹುದು), ಹಾರ್ಬರ್ ಟೂರ್ (ಬಂದರು ಸುತ್ತಿಸುವ ಬೋಟು), ತಿಮಿಂಗಿಲ ನೋಡುವ ಬೋಟು, ಎಲ್ಲಾ ಸೇರಿದ ಪಾಸು, ಇದರಲ್ಲಿ ಯಾವುದನ್ನು ತಗೋಬೇಕು? ನಾನು ಇದೇ ಊರಲ್ಲಿ ಇರುವುದರಿಂದ ಬಂದ ನೆಂಟರನ್ನೆಲ್ಲ ಸುತ್ತಾಡಿಸುವ ಕೆಲಸ ನನ್ನದೇ. ನನ್ನ ಲೆಕ್ಕ ಸರಳ. ನೀವೇ ಕಾರಲ್ಲಿ ಹೋಗಿ ನೋಡಬಹುದಾದ ಜಾಗಕ್ಕೆ ಟೂರ್ ದುಡ್ಡು ದಂಡ. ನೀರಿನ ಮೇಲೆ ಹೋಗುವುದಕ್ಕೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿ.

ಮೊದಲು ಹವಾಮಾನದ ವಿಷಯ. ಜಾಹೀರಾತಿನಲ್ಲಿ ಯಾವಾಗಲೂ ಬಿಸಿಲು. ಆದರೆ ಮೇ, ಜೂನ್ ತಿಂಗಳಲ್ಲಿ ಸಮುದ್ರದಿಂದ ಮೋಡ ಬಂದು ಕೂತುಬಿಡುತ್ತದೆ. ಇಲ್ಲಿಯವರು ಅದಕ್ಕೆ 'ಜೂನ್ ಗ್ಲೂಮ್' ಅನ್ನುತ್ತಾರೆ. ಬೆಳಗ್ಗೆ ಎಲ್ಲಾ ಬೂದಿ ಬಣ್ಣ, ಎಷ್ಟೋ ದಿನ ಮಧ್ಯಾಹ್ನಕ್ಕೆ ತಿಳಿಯಾಗುತ್ತದೆ, ಕೆಲವು ದಿನ ಅದೂ ಇಲ್ಲ. ಹಾಗಾಗಿ ಹಾರ್ಬರ್ ಟೂರ್ ಮಧ್ಯಾಹ್ನದ್ದೇ ಬುಕ್ ಮಾಡಿ. ಅಮ್ಮನಿಗೆ ಸ್ವೆಟರ್ ಇರಲಿ, ಮಂಕಿ ಕ್ಯಾಪ್ ಇದ್ದರೆ ಅದೂ ಬರಲಿ, ಬೋಟಿನ ಮೇಲೆ ಯಾರೂ ನಗುವುದಿಲ್ಲ.

ಒಂದೇ ಟೂರ್ ತಗೋಳ್ಳೋದಾದರೆ ಹಾರ್ಬರ್ ಟೂರ್. ಕೊಲ್ಲಿಯೊಳಗೇ ಓಡಾಡುವುದರಿಂದ ಅಲೆ ಕಡಿಮೆ, ವಯಸ್ಸಾದವರಿಗೆ ತಲೆಸುತ್ತುವ ಭಯ ಅಷ್ಟಿಲ್ಲ. ಒಂದು ಗಂಟೆಯದ್ದು, ಎರಡು ಗಂಟೆಯದ್ದು ಅಂತ ಇರುತ್ತದೆ. ಒಂದು ಗಂಟೆಯದ್ದಾದರೆ ಕೊಲ್ಲಿಯ ಉತ್ತರ ಭಾಗವೋ ದಕ್ಷಿಣ ಭಾಗವೋ ಅಂತ ಕೇಳಿಕೊಳ್ಳಿ, ಯಾಕಂದ್ರೆ ನೋಡಲು ಸಿಗುವುದೇ ಬೇರೆ. ದಕ್ಷಿಣಕ್ಕೆ ಹೋದರೆ ನೌಕಾಪಡೆಯ ಹಡಗುಗಳ ಸಾಲು, ಆಮೇಲೆ 1969ರಲ್ಲಿ ತೆರೆದ, ಕೊಲ್ಲಿಯಾಚೆಯ ಕೊರೊನಾಡೊ ಊರಿಗೆ ಹೋಗುವ ಸೇತುವೆಯ ಕೆಳಗೇ ಹಾದುಹೋಗುತ್ತೀರಿ. ಉತ್ತರಕ್ಕೆ ಹೋದರೆ ಮೀನುಗಾರರಿಗೆ ಮೀನಿನ ಎರೆ ಮಾರುವ ತೇಲುಕಟ್ಟೆ ಸಿಗುತ್ತದೆ. ಅದರ ತುಂಬಾ ಸಮುದ್ರ ಸಿಂಹಗಳು, ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಪಕ್ಕದವನು ಸ್ವಲ್ಪ ಅಲ್ಲಾಡಿದರೆ ಎಲ್ಲವೂ ಎದ್ದು ಬೊಗಳಿ, ಮತ್ತೆ ಹಾಗೇ ಉರುಳಿಕೊಳ್ಳುತ್ತವೆ. ನನ್ನ ಆಯ್ಕೆ ಉತ್ತರ. ನಿಮ್ಮ ಅಪ್ಪನಿಗೆ ಯುದ್ಧನೌಕೆ ಹುಚ್ಚಿದ್ದರೆ ದಕ್ಷಿಣ.

ದಡದಲ್ಲೇ 'ಸ್ಟಾರ್ ಆಫ್ ಇಂಡಿಯಾ' ಅನ್ನುವ ಹಾಯಿಹಡಗು ನಿಂತಿದೆ. ಇದಕ್ಕೂ ಇಂಡಿಯಾಕ್ಕೂ ಏನು ಸಂಬಂಧ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ: 1863ರಲ್ಲಿ ನೀರಿಗಿಳಿದಾಗ ಅದರ ಹೆಸರು 'ಯೂಟರ್ಪಿ', ಮೊದಲ ಪ್ರಯಾಣಗಳೇ ಕಲ್ಕತ್ತಾಕ್ಕೆ. ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಸಿಕ್ಕಿಯೂ ಉಳಿದುಕೊಂಡ ಹಡಗು ಅದು.

ತಿಮಿಂಗಿಲದ ಬೋಟು? ಜೂನ್ ಅಂದ್ರೆ ಬೂದು ತಿಮಿಂಗಿಲಗಳ ಕಾಲ ಮುಗಿದಿರುತ್ತದೆ, ಅವು ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ನೀಲಿ ತಿಮಿಂಗಿಲ ಬರಬಹುದು, ಡಾಲ್ಫಿನ್ ಅಂತೂ ಸಾಮಾನ್ಯ. ಆದರೆ ಮೂರು ನಾಲ್ಕು ಗಂಟೆ ತೆರೆದ ಸಮುದ್ರ. ಇನ್ನೊಂದು ವಿಷಯ ಗಮನಿಸಿ: 'ತಿಮಿಂಗಿಲ ಕಾಣುವುದು ಗ್ಯಾರಂಟಿ' ಅಂತ ಬರೆದಿರುವ ಕಡೆ, ಕಾಣದಿದ್ದರೂ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ, ಇನ್ನೊಂದು ದಿನ ಬರಲು ಟಿಕೆಟ್ ಕೊಡುತ್ತಾರೆ. ಮೂರು ದಿನಕ್ಕೆ ಬಂದವರು ಅದನ್ನು ತಗೊಂಡು ಏನು ಮಾಡೋದು? ಹೋಗಲೇಬೇಕು ಅನಿಸಿದರೆ ಮೊದಲ ದಿನ, ಬೆಳಗ್ಗೆಯ ಬೋಟಿಗೆ ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ. ವಾಂತಿ ತಡೆಯುವ ಮಾತ್ರೆಯನ್ನು ಬೋಟು ಹತ್ತುವ ಮುಂಚೆಯೇ ನುಂಗಬೇಕು. ಬಿಪಿ, ಶುಗರ್ ಮಾತ್ರೆ ತಗೋಳ್ಳೋರಾದರೆ ಡಾಕ್ಟರನ್ನು ಕೇಳಿಯೇ ಕೊಡಿ.

ಟ್ರಾಲಿ ಟೂರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಾರು ಇಲ್ಲದವರಿಗೆ ಅದು ಒಳ್ಳೆಯದೇ, ಓಲ್ಡ್ ಟೌನ್, ಬಾಲ್ಬೋವಾ ಪಾರ್ಕ್, ಕೊರೊನಾಡೊ ಎಲ್ಲಾ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಇಳಿಯದೆ ಕೂತರೆ ಸುಮಾರು ಎರಡು ಗಂಟೆ. ನಿಮ್ಮ ಹತ್ತಿರ ಕಾರು ಇದೆಯಲ್ಲ. ಕೊರೊನಾಡೊಗೆ ಮಾತ್ರ ಕಾರು ಬಿಟ್ಟು ಬ್ರಾಡ್‌ವೇ ಪಿಯರ್‌ನಿಂದ ಫೆರಿ ಹತ್ತಿ. ಹದಿನೈದು ನಿಮಿಷದ ದಾರಿ, ಕೆಲವೇ ಡಾಲರ್. ಹಾರ್ಬರ್ ಟೂರ್ ದುಬಾರಿ ಅನಿಸಿದರೆ ಬಡವರ ಹಾರ್ಬರ್ ಟೂರ್ ಇದೇ. ಇಳಿದ ಮೇಲೆ ನಡೆಸಬೇಡಿ, 1888ರ ಹಳೇ ಹೋಟೆಲ್ ಡೆಲ್ ಕೊರೊನಾಡೊ ತನಕ 904 ನಂಬರ್ ಬಸ್ ಇದೆ.

ಝೂ ನೋಡುವುದಾದರೆ ಪ್ರತ್ಯೇಕ ಟೂರ್ ಸುಮ್ನೆ ತಗೋಬೇಡಿ. ಒಂದು ದಿನದ ಟಿಕೆಟ್‌ನಲ್ಲೇ 35 ನಿಮಿಷದ ಡಬಲ್ ಡೆಕ್ಕರ್ ಬಸ್ ಟೂರ್ ಸೇರಿದೆ. ಒಳಗೆಲ್ಲ ಏರು ತಗ್ಗು, ಹಿರಿಯರ ಮಂಡಿಗೆ ಕಷ್ಟ, ಬಾಗಿಲು ತೆರೆದ ಕೂಡಲೇ ಮೊದಲು ಬಸ್ ಹತ್ತಿಸಿಬಿಡಿ. ಎಲ್ಲಾ ಸೇರಿದ ಪಾಸು ನಿಮಗೆ ಬೇಡ. ದಿನಕ್ಕೆ ಮೂರು ನಾಲ್ಕು ದುಬಾರಿ ಜಾಗಕ್ಕೆ ಓಡಿದರೆ ಮಾತ್ರ ಅದರ ದುಡ್ಡು ಹುಟ್ಟುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಮಲಗುವವರ ಜೊತೆ ಅದು ಆಗುವ ಮಾತಲ್ಲ.

ಭಾನುವಾರ ಇಲ್ಲೇ ಇದ್ದರೆ ಮಧ್ಯಾಹ್ನ ಎರಡಕ್ಕೆ ಬಾಲ್ಬೋವಾ ಪಾರ್ಕ್‌ನಲ್ಲಿ ಬಯಲು ಆರ್ಗನ್ ಕಛೇರಿ ಇರುತ್ತದೆ, ಪೂರ್ತಿ ಉಚಿತ. ಊರಿನ ಉತ್ತರಕ್ಕಿರುವ ಕಡಲತೀರ ಲಾ ಹೋಯಾದ ಸೀಲ್‌ಗಳಿಗೂ ಟೂರ್ ಬೇಡ, ದಡದಲ್ಲಿ ನಿಂತರೆ ಕಾಣುತ್ತವೆ. ಬೆಳಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ, ಮತ್ತೆ ಅಮ್ಮನ ಕೈಯಲ್ಲೊಂದು ಕರ್ಚೀಫು ಇರಲಿ, ಅಲ್ಲಿಯ ವಾಸನೆ ಯಾವ ಫೋಟೋದಲ್ಲೂ ಬರುವುದಿಲ್ಲ.